ಅಪ್ಪನಿಗೆ ಬ್ಲಾಕ್ ಇದ್ದಿದ್ದು ರಕ್ತನಾಳದಲ್ಲಿ. ಮತ್ತೆ ಕರೆಂಟಿನ ವೈರ್ ಯಾಕೆ ಹಾಕಿದರು?

ತೀರ್ಥಹಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು.

ಅಪ್ಪನಿಗೆ 61 ವರ್ಷ. ಒಂದು ದಿನ ಬೆಳಗ್ಗೆ ತೋಟದಿಂದ ಬಂದವರೇ ಹೊಟ್ಟೆಯ ಮೇಲ್ಭಾಗ ಉರಿಯುತ್ತಿದೆ ಎಂದರು. ವಾಕರಿಕೆ, ಮೈಯೆಲ್ಲ ಬೆವರು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಮಾಡಲಿಲ್ಲ. ಎರಡು ಗಂಟೆ ಬಿಟ್ಟು ಬಚ್ಚಲ ಬಾಗಿಲಲ್ಲೇ ಕಣ್ಣು ಕತ್ತಲೆ ಬಂದು ಕುಸಿದರು. ದೊಡ್ಡಾಸ್ಪತ್ರೆಗೆ ಒಯ್ದಾಗ ನಾಡಿ 34. ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿದೆ, ಜೊತೆಗೆ ಹಾರ್ಟ್ ಬ್ಲಾಕ್ ಆಗಿದೆ ಎಂದರು. ತೊಡೆಸಂದಿಯಿಂದ ಒಂದು ವೈರ್ ಒಳಗೆ ಬಿಟ್ಟು, ಹೊರಗೆ ಒಂದು ಪೆಟ್ಟಿಗೆ ಇಟ್ಟರು. ಸ್ಟೆಂಟ್ ಹಾಕಿದರು. ಐದನೇ ದಿನ ವೈರ್ ತೆಗೆದರು. ಈಗ ಮನೆಯಲ್ಲಿದ್ದಾರೆ.

ನನಗೆ ಅರ್ಥವಾಗದೇ ಇರುವುದು ಇದು. ತೊಂದರೆ ಪೈಪಿನಲ್ಲಿ ಅಲ್ವಾ? ಸ್ಟೆಂಟ್ ಸರಿ. ವೈರ್ ಯಾಕೆ? ಬೇಕೇ ಬೇಕಿದ್ದರೆ ಐದೇ ದಿನಕ್ಕೆ ಯಾಕೆ ತೆಗೆದರು? ಪಕ್ಕದ ಮನೆ ಮಾವನಿಗೆ ಎರಡು ವರ್ಷದ ಹಿಂದೆ ಅಟ್ಯಾಕ್ ಆದಾಗ ಪರ್ಮನೆಂಟ್ ಪೇಸ್‌ಮೇಕರ್ ಹಾಕಿದ್ದರು. ಅಪ್ಪನಿಗೂ ಬೇಕಿತ್ತೇನೋ ಎಂಬ ಭಯ. ರಾತ್ರಿ ಎರಡು ಸಲ ಎದ್ದು ಅವರ ಮಣಿಕಟ್ಟು ಹಿಡಿದು ಎಣಿಸುತ್ತಿದ್ದೇನೆ.

ಇಸಿಜಿ ಅಕ್ಕ

ಮೊದಲು ಅಪ್ಪ ಮನೆಗೆ ಬಂದರಲ್ಲ, ಅದೇ ಸಮಾಧಾನ.

14 ವರ್ಷದಿಂದ ಇಸಿಜಿ ತೆಗೆಯುತ್ತಿದ್ದೇನೆ. ಈ ಗೊಂದಲ ನಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ದಿನಾ ಇರುತ್ತದೆ. ತಪ್ಪು ಜನರದ್ದಲ್ಲ, ಆ ಪದದ್ದು. "ಬ್ಲಾಕ್" ಅಂತ ಎರಡು ಬೇರೆ ಕಾಯಿಲೆಗೆ ಹೇಳುತ್ತೇವೆ. ರಕ್ತನಾಳದ ಬ್ಲಾಕ್ ಅಂದರೆ ಪೈಪಿನೊಳಗೆ ಕಟ್ಟಿಕೊಂಡಿದ್ದು. ಹಾರ್ಟ್ ಬ್ಲಾಕ್ ಅಂದರೆ ಕರೆಂಟ್ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ದಾಟದೇ ಇರುವುದು. ನಿಮ್ಮ ಅಪ್ಪನಿಗೆ ಎರಡೂ ಒಟ್ಟಿಗೆ ಆಗಿದೆ. ಮೊದಲನೆಯದರಿಂದ ಎರಡನೆಯದು ಬಂದಿದೆ.

ಲೈನ್‌ಮನ್ ಶಿಷ್ಯ

ನಾನು ಡಾಕ್ಟರ್ ಅಲ್ಲ, ಕರೆಂಟ್ ಕೆಲಸದವನು. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮಿದುಳು ಅಂದರೆ ಮೇನ್ ಸ್ಟೇಷನ್. ನರ ಅಂದರೆ ಲೈನ್. ಹೃದಯದಲ್ಲಿ ಎಸ್‌ಎ ನೋಡ್ ಅಂತ ಟ್ರಾನ್ಸ್‌ಫಾರ್ಮರ್ ಇದೆ. ಲೈನಿನಲ್ಲಿ ಬಂದ ಕರೆಂಟನ್ನು ಅದು ಮನೆಗೆ ಹಂಚುತ್ತದೆ. ಟ್ರಾನ್ಸ್‌ಫಾರ್ಮರಿಗೆ ಎಣ್ಣೆ ಇಲ್ಲದಿದ್ದರೆ ಸುಡುತ್ತದೆ. ಇಲ್ಲಿ ಎಣ್ಣೆ ಅಂದರೆ ರಕ್ತ.

ಹಳೇ ಬಯಾಲಜಿ ಮೇಷ್ಟ್ರು

ಎಣ್ಣೆಯ ಹೋಲಿಕೆ ಚೆನ್ನಾಗಿದೆ. ಮೇನ್ ಸ್ಟೇಷನ್ ಮಾತು ಮಾತ್ರ ತಪ್ಪು. ಹೃದಯಕ್ಕೆ ಕರೆಂಟ್ ಮಿದುಳಿನಿಂದ ಬರುವುದಿಲ್ಲ. ಜನರೇಟರ್ ಮನೆಯೊಳಗೇ ಇದೆ.

ಹಿಂದೆ ಪಿಯುಸಿ ಲ್ಯಾಬಿನಲ್ಲಿ ಕಪ್ಪೆಯ ಹೃದಯ ಹೊರತೆಗೆದು ಉಪ್ಪುನೀರಿನ ಬಟ್ಟಲಿಗೆ ಹಾಕುತ್ತಿದ್ದೆವು. ನರವಿಲ್ಲ, ಮಿದುಳಿಲ್ಲ, ಆದರೂ ಬಹಳ ಹೊತ್ತು ಬಡಿಯುತ್ತಿತ್ತು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹೃದಯ ಕಸಿ ಮಾಡಿಸಿಕೊಂಡವರಲ್ಲೂ ಹೀಗೇ. ಹಳೆಯ ನರಗಳನ್ನು ಕತ್ತರಿಸಿರುತ್ತಾರೆ. ಆದರೂ ಹೊಸ ಹೃದಯ ನಿಮಿಷಕ್ಕೆ 90, 100 ಬಡಿಯುತ್ತದೆ. ನಮ್ಮ ನಾಡಿ 70ರ ಸುಮಾರಿಗೆ ಇರುವುದು ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರ ಹಿಡಿದು ನಿಲ್ಲಿಸುವುದರಿಂದ. ನರದ ಕೆಲಸ ಬ್ರೇಕ್ ಮತ್ತು ಆಕ್ಸಿಲರೇಟರ್, ಎಂಜಿನ್ ಅಲ್ಲ.

ಕರೆಂಟ್ ಹೋಗುವ ದಾರಿ ಹೇಳುತ್ತೇನೆ. ಮೇಲಿನ ಮಹಾಸಿರೆ ಬಂದು ಬಲ ಮೇಲಿನ ಕೋಣೆಗೆ ಸೇರುವ ಜಾಗದಲ್ಲಿ ಎಸ್‌ಎ ನೋಡ್ ಇದೆ. ಒಂದೆರಡು ಸೆಂಟಿಮೀಟರ್ ಉದ್ದ, ಅಷ್ಟೇ. ಅಲ್ಲಿಂದ ಎರಡೂ ಮೇಲಿನ ಕೋಣೆಗಳಿಗೆ ಅಲೆ ಹರಡುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ನಾರಿನ ಗೋಡೆ ಇದೆ, ಅದರಲ್ಲಿ ಕರೆಂಟ್ ಹಾಯುವುದಿಲ್ಲ. ಇರುವುದು ಒಂದೇ ಬಾಗಿಲು. ಆ ಬಾಗಿಲೇ ಎವಿ ನೋಡ್. ಅದು ಬೇಕೆಂದೇ ನಿಧಾನ ಮಾಡುತ್ತದೆ. ಸೆಕೆಂಡಿಗೆ ಬರೀ 5 ಸೆಂಟಿಮೀಟರ್ ವೇಗ. ಹೀಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ ಆಗುತ್ತದೆ. ಅಷ್ಟರಲ್ಲಿ ಮೇಲಿನ ಕೋಣೆ ತನ್ನ ರಕ್ತವನ್ನು ಕೆಳಗೆ ಸುರಿದು ಮುಗಿಸುತ್ತದೆ. ಆಮೇಲೆ ಹಿಸ್ ಕಟ್ಟು, ಅದರ ಬಲ ಮತ್ತು ಎಡ ಕವಲು, ಕೊನೆಗೆ ಪರ್ಕಿಂಜೆ ಎಳೆಗಳು. ಈ ಎಳೆಗಳಲ್ಲಿ ವೇಗ ಸೆಕೆಂಡಿಗೆ 2ರಿಂದ 4 ಮೀಟರ್! ಹಾಗಾಗಿ ಕೆಳಗಿನ ಕೋಣೆ ಪೂರ್ತಿ ಒಂದೇ ಹಿಡಿಗೆ ಹಿಂಡಿದ ಹಾಗೆ ಸಂಕುಚಿಸುತ್ತದೆ.

ಲೈನ್‌ಮನ್ ಶಿಷ್ಯ

ಓಹ್. ಮೇನ್ ಸ್ಟೇಷನ್ ಮಾತು ವಾಪಸ್ ತಗೊಂಡೆ ಮೇಷ್ಟ್ರೇ. ಮತ್ತೆ ಎಸ್‌ಎ ನೋಡ್ ಕೈಕೊಟ್ಟರೆ? ಬ್ಯಾಕಪ್ ಇದೆಯಾ?

ಹಳೇ ಬಯಾಲಜಿ ಮೇಷ್ಟ್ರು

ಎರಡು ಹಂತದ ಬ್ಯಾಕಪ್ ಇದೆ. ಎಸ್‌ಎ ನೋಡ್ 60ರಿಂದ 100. ಅದು ನಿಂತರೆ ಎವಿ ನೋಡಿನ ಸುತ್ತಲಿನ ಭಾಗ 40ರಿಂದ 60. ಅದೂ ಇಲ್ಲದಿದ್ದರೆ ಕೆಳಗಿನ ಪರ್ಕಿಂಜೆ ಎಳೆಗಳು 20ರಿಂದ 40. ಕೆಳಗೆ ಇಳಿದಷ್ಟೂ ನಿಧಾನ, ಭರವಸೆಯೂ ಕಡಿಮೆ.

ಎರಡನೇ ವರ್ಷ

ನಾನು ಎಂಬಿಬಿಎಸ್ ಎರಡನೇ ವರ್ಷ. ಅನಾಟಮಿ ಇನ್ನೂ ತಲೆಯಲ್ಲಿದೆ, ಹಾಗಾಗಿ ಬರೆಯುತ್ತಿದ್ದೇನೆ. ಎಸ್‌ಎ ನೋಡಿನ ರಕ್ತನಾಳ ಸುಮಾರು 60% ಜನರಲ್ಲಿ ಬಲ ಕೊರೊನರಿಯಿಂದ, ಅಂದರೆ ಹೃದಯಕ್ಕೆ ರಕ್ತ ಕೊಡುವ ಬಲಗಡೆಯ ನಾಳದಿಂದ ಬರುತ್ತದೆ. ಉಳಿದವರಲ್ಲಿ ಎಡಗಡೆಯ ನಾಳದ ಕವಲಾದ ಸರ್ಕಮ್‌ಫ್ಲೆಕ್ಸ್‌ನಿಂದ. ಎವಿ ನೋಡಿಗೆ 80ರಿಂದ 90% ಜನರಲ್ಲಿ ಬಲ ಕೊರೊನರಿಯೇ. ಹಾಗಾಗಿ ನಿಮ್ಮ ತಂದೆಯವರಿಗೆ ಬಲ ನಾಳ ಮುಚ್ಚಿದಾಗ ಎರಡೂ ನೋಡ್ ಸತ್ತು ನಾಡಿ ಇಳಿದಿದೆ.

ಹೃದ್ರೋಗ ರೆಸಿಡೆಂಟ್

ಶೇಕಡಾ ಲೆಕ್ಕ ಸರಿ. "ಸತ್ತು" ಅನ್ನುವುದು ತಪ್ಪು. ದಯವಿಟ್ಟು ಹಾಗೆ ಬರೆಯಬೇಡಿ, ಓದುತ್ತಿರುವುದು ಮಗ.

ಎವಿ ನೋಡ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಅದಕ್ಕೆ ಬಲ ನಾಳದ ಜೊತೆ ಎಡಗಡೆಯಿಂದಲೂ ಸಣ್ಣ ಕವಲುಗಳಲ್ಲಿ ಸ್ವಲ್ಪ ರಕ್ತ ಬರುತ್ತದೆ. ಆ ಕೋಶಗಳು ಆಮ್ಲಜನಕ ಕಡಿಮೆಯಾದರೂ ಮಾಂಸದ ಕೋಶಗಳಿಗಿಂತ ಜಾಸ್ತಿ ತಡೆದುಕೊಳ್ಳುತ್ತವೆ. ಹಾಗಾದರೆ ಬ್ಲಾಕ್ ಯಾಕೆ ಆಯಿತು? ಹೃದಯದ ಕೆಳಗೋಡೆಗೆ ಪೆಟ್ಟಾದಾಗ ಅಲ್ಲಿಂದ ವೇಗಸ್ ನರಕ್ಕೆ ಜೋರು ಸಂದೇಶ ಹೋಗುತ್ತದೆ, ಬ್ರೇಕ್ ಪೂರ್ತಿ ಬೀಳುತ್ತದೆ. ವಾಕರಿಕೆ, ಬೆವರು, ಹೊಟ್ಟೆ ಸಂಕಟದಲ್ಲೂ ಆ ವೇಗಸ್ ಪಾಲಿದೆ. ಅದಕ್ಕೇ ಈ ಅಟ್ಯಾಕ್ ಗ್ಯಾಸ್ಟ್ರಿಕ್ ವೇಷದಲ್ಲಿ ಬರುತ್ತದೆ. ಜೊತೆಗೆ ನೋಡಿನ ಸುತ್ತ ಊತ ಬರುತ್ತದೆ, ಅಡೆನೊಸಿನ್ ಎಂಬ ವಸ್ತು ಸೇರಿಕೊಂಡು ಕರೆಂಟ್ ತಡೆಯುತ್ತದೆ. ಇದೆಲ್ಲ ಇಳಿಯುವಂಥದ್ದು. ರಕ್ತ ಮತ್ತೆ ಹರಿದರೆ ಕೆಲವು ಗಂಟೆಯಿಂದ ಕೆಲವು ದಿನದಲ್ಲಿ ಹೆಚ್ಚಿನವರಲ್ಲಿ ಕರೆಂಟ್ ತಾನಾಗಿ ದಾಟುತ್ತದೆ.

ಆ ಮಧ್ಯದ ದಿನಗಳಿಗೆ ಊರುಗೋಲು ಬೇಕಲ್ಲ, ಅದೇ ಆ ವೈರ್. ಸಿರೆಯೊಳಗಿಂದ ಹೋಗಿ ಅದರ ತುದಿ ಬಲ ಕೆಳಗಿನ ಕೋಣೆಯನ್ನು ಮುಟ್ಟುತ್ತದೆ. ಮೇಲಿನಿಂದ ಕರೆಂಟ್ ಬಾರದಿದ್ದರೆ ಪೆಟ್ಟಿಗೆ ಕೊಡುತ್ತದೆ, ಬಂದರೆ ಸುಮ್ಮನಿರುತ್ತದೆ. ತೆಗೆಯುವ ಮೊದಲು ಪೆಟ್ಟಿಗೆಯ ದರ ಇಳಿಸಿ, ಹೃದಯ ತಾನೇ ನಡೆಯುತ್ತದಾ ಅಂತ ನೋಡಿಯೇ ತೆಗೆಯುತ್ತೇವೆ. ಐದು ದಿನ ಅವಸರ ಅಲ್ಲ.

ತೀರ್ಥಹಳ್ಳಿ ಹುಡುಗ

ಡಾಕ್ಟರೇ, ಇದನ್ನು ಮೂರು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಆದರೆ ಪಕ್ಕದ ಮನೆ ಮಾವನ ಫೈಲು ಈಗ ಇಸ್ಕೊಂಡು ನೋಡಿದೆ. ಅದರಲ್ಲಿ ಬಲ ನಾಳ ಇಲ್ಲ. "ಎಲ್‌ಎಡಿ" ಅಂತಿದೆ, "ಆ್ಯಂಟೀರಿಯರ್" ಅಂತಿದೆ. ಅದಕ್ಕೇನಾ ವ್ಯತ್ಯಾಸ?

ಹೃದ್ರೋಗ ರೆಸಿಡೆಂಟ್

ಅದಕ್ಕೇ. ಎಲ್‌ಎಡಿ ಅಂದರೆ ಎಡಗಡೆಯಿಂದ ಹೃದಯದ ಮುಂಭಾಗಕ್ಕೆ ಇಳಿಯುವ ದೊಡ್ಡ ನಾಳ. ಅದರಿಂದ ಸಣ್ಣ ಸಣ್ಣ ಕವಲುಗಳು ಮೊಳೆ ಹೊಡೆದ ಹಾಗೆ ಎರಡು ಕೆಳಗಿನ ಕೋಣೆಗಳ ನಡುಗೋಡೆಯ ಒಳಗೆ ಇಳಿಯುತ್ತವೆ. ಹಿಸ್ ಕಟ್ಟಿನ ಕೆಳಭಾಗ, ಬಲ ಕವಲು, ಎಡ ಕವಲಿನ ಮುಂದಿನ ಎಳೆ, ಇವು ಹೆಚ್ಚಾಗಿ ಆ ಮೊಳೆಗಳ ರಕ್ತದಿಂದಲೇ ಬದುಕುವುದು. ಎಡ ಕವಲಿನ ಹಿಂದಿನ ಎಳೆಗೆ ಮಾತ್ರ ಎರಡೂ ಕಡೆಯಿಂದ ರಕ್ತ, ಅದು ಗಟ್ಟಿ.

ಎಲ್‌ಎಡಿ ಮೇಲ್ಗಡೆ ಮುಚ್ಚಿ ಹಾರ್ಟ್ ಬ್ಲಾಕ್ ಆಯಿತು ಅಂದರೆ ನಡುಗೋಡೆಯ ದೊಡ್ಡ ಭಾಗವೇ ಹೋಗಿದೆ ಅಂತ ಅರ್ಥ. ಅದು ಬ್ರೇಕ್ ಬಿದ್ದಿದ್ದಲ್ಲ, ವೈರೇ ಸುಟ್ಟಿದ್ದು. ಉಳಿಯುವುದು ಕೆಳಗಿನ 20ರಿಂದ 40ರ ಬ್ಯಾಕಪ್. ಇಸಿಜಿಯಲ್ಲಿ ಗೆರೆ ಅಗಲವಾಗಿ ಕಾಣುತ್ತದೆ. ಅಲ್ಲಿ ನಾಡಿ ಏರಿಸಲು ಕೊಡುವ ಅಟ್ರೊಪಿನ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಆ ಔಷಧ ತೆಗೆಯುವುದು ವೇಗಸ್ ಬ್ರೇಕನ್ನು. ಮಾವ ಬದುಕಿದ್ದಾರೆ ಅಂದರೆ ಅವರಿಗೆ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕಿದೆ.

ಇಸಿಜಿ ಅಕ್ಕ

ಹೌದು. ಕಾಗದ ಕೈಗೆ ಬಂದ ತಕ್ಷಣ ಗೊತ್ತಾಗುತ್ತದೆ. ಗೆರೆ ಚೂಪಾಗಿದ್ದರೆ ಸ್ವಲ್ಪ ಉಸಿರಾಡುತ್ತೇನೆ. ಅಗಲ ಇದ್ದರೆ ಓಡುತ್ತೇನೆ.

ಮಂಡ್ಯದ ಸೊಸೆ

ನಮ್ಮತ್ತೆಗೆ ಅಟ್ಯಾಕೇ ಆಗಿಲ್ಲ. ಆಂಜಿಯೋಗ್ರಾಂ ಮಾಡಿದರು, ನಾಳ ಎಲ್ಲಾ ಕ್ಲೀನ್. ಆದರೂ 78ನೇ ವಯಸ್ಸಿಗೆ ಪೇಸ್‌ಮೇಕರ್. ದುಡ್ಡಿಗಾಗಿ ಹಾಕಿದರು ಅಂತ ನಮ್ಮ ಭಾವ ಇವತ್ತಿಗೂ ಜಗಳ ಮಾಡುತ್ತಾರೆ.

ಹಳೇ ಬಯಾಲಜಿ ಮೇಷ್ಟ್ರು

ಭಾವನವರಿಗೆ ಹೇಳಿ, ನಾಳ ಕ್ಲೀನ್ ಇದ್ದೂ ವೈರ್ ಹಳತಾಗಬಹುದು. ವಯಸ್ಸಾದಂತೆ ಹಿಸ್ ಕಟ್ಟು ಮತ್ತು ಕವಲುಗಳ ಜಾಗದಲ್ಲಿ ನಾರು ಬೆಳೆಯುತ್ತದೆ, ಸುಣ್ಣವೂ ಕಟ್ಟುತ್ತದೆ. ಮುದುಕರಿಗೆ ಪೇಸ್‌ಮೇಕರ್ ಬೇಕಾಗುವುದಕ್ಕೆ ಇದು ದೊಡ್ಡ ಕಾರಣ.

ಮಂಡ್ಯದ ಸೊಸೆ

ಇದನ್ನು ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ದಾವಣಗೆರೆ ಅಣ್ಣ

ನನ್ನ ರಿಪೋರ್ಟಿನಲ್ಲಿ "ಲೆಫ್ಟ್ ಡಾಮಿನೆಂಟ್" ಅಂತ ಇದೆ. ಅಂದರೆ ನನ್ನ ಹೃದಯಕ್ಕೆ ಜಾಸ್ತಿ ರಕ್ತ ಎಡಗಡೆಯಿಂದ, ಬೇರೆಯವರಿಗೆಲ್ಲ ಬಲಗಡೆಯಿಂದ ಅಂತಾನಾ?

ಎರಡನೇ ವರ್ಷ

ಹೌದು ಅಣ್ಣ.

ಹೃದ್ರೋಗ ರೆಸಿಡೆಂಟ್

ಅಲ್ಲ! ಇದು ನಾನೂ ವೈವಾದಲ್ಲಿ ತಪ್ಪು ಹೇಳಿದ್ದೆ. ಹೆಚ್ಚುಕಡಿಮೆ ಎಲ್ಲರಲ್ಲೂ ಹೃದಯದ ಮಾಂಸಕ್ಕೆ ಹೆಚ್ಚಿನ ರಕ್ತ ಕೊಡುವುದು ಎಡಗಡೆಯೇ. ಡಾಮಿನೆಂಟ್ ಅನ್ನುವುದು ಒಂದೇ ವಿಷಯಕ್ಕೆ. ಹೃದಯದ ಹಿಂಭಾಗದ ತೋಡಿನಲ್ಲಿ ಕೆಳಗಿಳಿಯುವ ನಾಳ ಯಾರಿಂದ ಹುಟ್ಟುತ್ತದೆ ಅಂತ. ಹೆಚ್ಚಿನ ಜನರಲ್ಲಿ ಬಲ ಕೊರೊನರಿಯಿಂದ. ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ ಜನರಲ್ಲಿ ಎಡ ಸರ್ಕಮ್‌ಫ್ಲೆಕ್ಸ್‌ನಿಂದ. ಇನ್ನು ಕೆಲವರಲ್ಲಿ ಎರಡರಿಂದಲೂ. ಎವಿ ನೋಡಿನ ನಾಳ ಸಾಮಾನ್ಯವಾಗಿ ಅದೇ ಮೂಲೆಯಲ್ಲಿ ಹುಟ್ಟುವುದರಿಂದ ಡಾಮಿನೆಂಟ್ ಯಾರೋ ಎವಿ ನೋಡನ್ನು ಸಾಕುವವರೂ ಅವರೇ. ನಿಮ್ಮ ಎವಿ ನೋಡಿಗೆ ರಕ್ತ ಬಹುಶಃ ಎಡಗಡೆಯಿಂದ. ಅದು ಕಾಯಿಲೆ ಅಲ್ಲ, ಹುಟ್ಟಿನಿಂದ ಬಂದ ನಕ್ಷೆ.

ಎರಡನೇ ವರ್ಷ

ತೋಡು ಅಂದರೆ?

ಹೃದ್ರೋಗ ರೆಸಿಡೆಂಟ್

ಜಾಡು. ಎರಡು ಕೆಳಗಿನ ಕೋಣೆಗಳ ನಡುವಿನ ತಗ್ಗು.

ಬೆಳಗಾವಿ ಕಾಕಾ

ಎಲ್ಲಾ ಸರಿ. ಮನೆಯಲ್ಲಿ ಒಂದು ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಳ್ಳಿ. ಎದೆನೋವು ಬಂದ ಕೂಡಲೇ ನಾಲಿಗೆ ಕೆಳಗೆ. ಎಲ್ಲರಿಗೂ ಫಾರ್ವರ್ಡ್ ಮಾಡಿ.

ಇಸಿಜಿ ಅಕ್ಕ

ಕಾಕಾ, ಇದೇ ಅಪ್ಪನಿಗೆ ಆ ದಿನ ಕೊಟ್ಟಿದ್ದರೆ ಅಪಾಯ ಆಗಬಹುದಿತ್ತು. ಸಿಟ್ಟು ಮಾಡಿಕೊಳ್ಳಬೇಡಿ, ಕೇಳಿ. ಬಲ ನಾಳ ಮೇಲ್ಗಡೆಯೇ ಮುಚ್ಚಿದರೆ ಬಲ ಕೆಳಗಿನ ಕೋಣೆಗೂ ಪೆಟ್ಟಾಗಬಹುದು. ಆಗ ಆ ಕೋಣೆ ನಡೆಯುವುದೇ ಸಿರೆಗಳಿಂದ ತುಂಬಿ ಬರುವ ರಕ್ತದ ಒತ್ತಡದಿಂದ. ಈ ಮಾತ್ರೆ ಸಿರೆಗಳನ್ನು ಸಡಿಲ ಮಾಡುತ್ತದೆ. ಬರುವ ರಕ್ತ ಕಡಿಮೆಯಾಗಿ ಬಿಪಿ ದಬಕ್ ಅಂತ ಬೀಳುತ್ತದೆ. ಅದಕ್ಕೇ ಕೆಳಗೋಡೆಯ ಅಟ್ಯಾಕ್ ಕಂಡಾಗ ನಾವು ಎದೆಯ ಬಲಭಾಗಕ್ಕೂ ಇಸಿಜಿಯ ಲೀಡ್ ಇಡುತ್ತೇವೆ, ವಿ4ಆರ್ ಅನ್ನುತ್ತೇವೆ.

ಬೆಳಗಾವಿ ಕಾಕಾ

ಮತ್ತೆ ನಮ್ಮ ಡಾಕ್ಟರೇ ಕೊಟ್ಟಿದ್ದಾರಲ್ಲ ನನಗೆ?

ಹೃದ್ರೋಗ ರೆಸಿಡೆಂಟ್

ನಿಮ್ಮನ್ನು ಪರೀಕ್ಷೆ ಮಾಡಿ ನಿಮಗೆ ಕೊಟ್ಟಿದ್ದಾರೆ, ಅದು ಸರಿ. ಇಟ್ಟುಕೊಳ್ಳಿ. ಊರಿಗೆಲ್ಲ ಹಂಚುವ ಮಾತ್ರೆ ಅಲ್ಲ ಅದು. ಎಲ್ಲರೂ ಮಾಡಬೇಕಾದ್ದು 108ಕ್ಕೆ ಫೋನ್ ಮಾಡಿ ಇಸಿಜಿ ಆಗುವ ಜಾಗಕ್ಕೆ ಹೋಗುವುದು. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅಲ್ಲಿ ಇಸಿಜಿ ತೆಗೆದರೆ ಜಯದೇವದಂಥ ದೊಡ್ಡ ಆಸ್ಪತ್ರೆಯವರು ಕೂತಲ್ಲೇ ನೋಡುತ್ತಾರೆ. ಬೇಕಿದ್ದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಗ್ಯಾಸ್ಟ್ರಿಕ್ ಅನ್ನಿಸಿದರೂ 40 ದಾಟಿದವರಿಗೆ ಬೆವರು ಬಂದರೆ ಇಸಿಜಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಮಿಷಿಗನ್ ಕನ್ನಡಿಗ

ಸ್ವಲ್ಪ ದಾರಿ ತಪ್ಪಿಸುತ್ತೇನೆ. ಇದನ್ನೆಲ್ಲ ಕಂಡುಹಿಡಿದ ಕತೆ ನನಗೆ ತುಂಬಾ ಇಷ್ಟ. ನೀವು ಯೋಚಿಸುವ ಕ್ರಮದಲ್ಲಿ ಸಿಗಲೇ ಇಲ್ಲ, ಪೂರ್ತಿ ಉಲ್ಟಾ! ಕೊನೆಯ ತುದಿಯ ಎಳೆಗಳನ್ನು ಪರ್ಕಿಂಜೆ ಮೊದಲು ನೋಡಿದ್ದು 1839ರಲ್ಲಿ, ಕುರಿಯ ಹೃದಯದಲ್ಲಿ. ಅವು ಏನು ಕೆಲಸ ಮಾಡುತ್ತವೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1893ರಲ್ಲಿ ವಿಲ್‌ಹೆಲ್ಮ್ ಹಿಸ್ ನಡುವಿನ ಕಟ್ಟನ್ನು ಕಂಡರು. 1906ರಲ್ಲಿ ಸುನಾವೊ ತವಾರಾ ಎಂಬ ಜಪಾನಿ ವೈದ್ಯರು ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೂತು ಎವಿ ನೋಡ್ ಕಂಡುಹಿಡಿದರು. ಅಲ್ಲಿಂದ ಪರ್ಕಿಂಜೆ ಎಳೆಯವರೆಗೆ ಎಲ್ಲಾ ಒಂದೇ ಮರ ಅಂತ ತೋರಿಸಿದ್ದೂ ಅವರೇ. ಎಲ್ಲಕ್ಕಿಂತ ಮೇಲಿರುವ ಎಸ್‌ಎ ನೋಡ್ ಸಿಕ್ಕಿದ್ದು ಕೊನೆಗೆ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹಳ್ಳಿಮನೆಯಲ್ಲಿ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮೋಲ್ ಎಂಬ ಬಿಲ ತೋಡುವ ಸಣ್ಣ ಪ್ರಾಣಿಯ ಹೃದಯ ನೋಡುತ್ತಿದ್ದ. ಅವನ ಗುರು ಆರ್ಥರ್ ಕೀತ್ ಸೈಕಲ್ ಸುತ್ತಾಟ ಮುಗಿಸಿ ಮನೆಗೆ ಬಂದಾಗ ಏನೋ ವಿಚಿತ್ರ ಕಂಡಿದೆ ಎಂದು ತೋರಿಸಿದ. ಇಬ್ಬರೂ ಸೇರಿ 1907ರಲ್ಲಿ ಪ್ರಕಟಿಸಿದರು.

ಎರಡನೇ ವರ್ಷ

ಹಿಸ್ ಅನ್ನುವುದು ಒಬ್ಬರ ಹೆಸರಾ? ನಾನು ಇಂಗ್ಲಿಷಿನ "ಅವನ" ಅಂತ ಓದಿಕೊಂಡಿದ್ದೆ. ಯಾರ ಕಟ್ಟು ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ಹಳೇ ಬಯಾಲಜಿ ಮೇಷ್ಟ್ರು

ಕುರಿಯ ಮಾತು ಬಂತಲ್ಲ. ಮಟನ್ ಅಂಗಡಿಯಲ್ಲಿ ಕುರಿಯ ಗುಂಡಿಗೆ ಕೇಳಿ ತನ್ನಿ. ಬಲ ಕೆಳಗಿನ ಕೋಣೆಯನ್ನು ಉದ್ದಕ್ಕೆ ಸೀಳಿ. ನಡುಗೋಡೆಯಿಂದ ಆಚೆ ಗೋಡೆಗೆ ಒಂದು ಸೇತುವೆ ಅಡ್ಡ ಹಾದಿರುತ್ತದೆ. ಮಾಡರೇಟರ್ ಬ್ಯಾಂಡ್ ಅಂತ ಅದರ ಹೆಸರು. ಬಲ ಕವಲಿನ ಕರೆಂಟ್ ಅದರೊಳಗೆ ಹೋಗುತ್ತದೆ. ನಮ್ಮ ಹೃದಯದಲ್ಲೂ ಇದೆ. ಎಷ್ಟೋ ಮಕ್ಕಳಿಗೆ ಚಿತ್ರ ಬರೆಸಿ ಅರ್ಥವಾಗದ್ದು ಈ ಒಂದು ಸೇತುವೆ ಬೆರಳಿಗೆ ಸಿಕ್ಕಾಗ ಅರ್ಥವಾಗಿದೆ.

ಲೈನ್‌ಮನ್ ಶಿಷ್ಯ

ಭಾನುವಾರ ಮಗಳ ಜೊತೆ ಮಾಡುತ್ತೇನೆ.

ಮಂಡ್ಯದ ಸೊಸೆ

ಇನ್ನೊಂದು. ಅತ್ತೆ ಇಂಡಕ್ಷನ್ ಒಲೆ ಹತ್ತಿರ ಹೋಗುವುದಿಲ್ಲ, ಮೊಬೈಲ್ ಮುಟ್ಟುವುದಿಲ್ಲ. ಅಷ್ಟು ಹೆದರಬೇಕಾ?

ಇಸಿಜಿ ಅಕ್ಕ

ಮೊಬೈಲ್ ಬಳಸಲಿ. ಪೇಸ್‌ಮೇಕರ್ ಇರುವ ಕಡೆಯ ಜೇಬಿನಲ್ಲಿ ಇಡಬೇಡಿ, 15 ಸೆಂಟಿಮೀಟರ್ ದೂರ ಇರಲಿ, ಆ ಕಡೆ ಅಲ್ಲದ ಕಿವಿಗೆ ಹಿಡಿಯಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಂತರೆ ಸಾಕು. ಎಂಆರ್‌ಐ ಮಾಡಿಸುವ ಮೊದಲು ಕಾರ್ಡ್ ತೋರಿಸಿ.

ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಪೇಸ್‌ಮೇಕರ್ ಇದ್ದವರು ತೀರಿಕೊಂಡರೆ ಸುಡುವ ಮೊದಲು ಅದನ್ನು ತೆಗೆಸಬೇಕು. ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ. ಹಳ್ಳಿಗಳಲ್ಲಿ ಇದು ಗೊತ್ತೇ ಇರುವುದಿಲ್ಲ.

ದಾವಣಗೆರೆ ಅಣ್ಣ

ತೀರ್ಥಹಳ್ಳಿಯವರೇ, ಅಪ್ಪನಿಗೆ ಮೆಟೊಪ್ರೊಲಾಲ್ ಕೊಟ್ಟಿದ್ದಾರಾ? ಅದು ನಾಡಿ ಇಳಿಸುತ್ತದೆ. ನಾನಾಗಿದ್ದರೆ ನಿಲ್ಲಿಸುತ್ತಿದ್ದೆ.

ಹೃದ್ರೋಗ ರೆಸಿಡೆಂಟ್

ದಯವಿಟ್ಟು ಇಲ್ಲಿ ಯಾರೂ ಯಾರ ಮಾತ್ರೆಯನ್ನೂ ನಿಲ್ಲಿಸಬೇಡಿ. ಅಟ್ಯಾಕ್ ಆದವರಲ್ಲಿ ಆ ಮಾತ್ರೆ ದಿಢೀರ್ ನಿಲ್ಲಿಸಿದರೆ ಅದೇ ಅಪಾಯ. ಅದು ನಾಡಿಯನ್ನು ನಿಧಾನ ಮಾಡುವುದರಿಂದ ಹೃದಯಕ್ಕೆ ತನ್ನದೇ ರಕ್ತ ಸಿಗುವ ಸಮಯವೂ ಹೆಚ್ಚುತ್ತದೆ. ಎಡ ಕೆಳಗಿನ ಕೋಣೆಯ ಗೋಡೆಗೆ ರಕ್ತ ಹರಿಯುವುದು ಮುಖ್ಯವಾಗಿ ಹೃದಯ ಸಡಿಲವಾದಾಗ, ಹಿಂಡುವಾಗ ಅಲ್ಲ. ಹಾಗಂತ ಬ್ಲಾಕ್ ಆಗಿದ್ದವರಿಗೆ ಅದನ್ನು ಕೊಡಬೇಕೋ ಬೇಡವೋ, ಎಷ್ಟು ಅನ್ನುವುದನ್ನು ಅವರ ಡಾಕ್ಟರ್ ಇಸಿಜಿ ನೋಡಿ ತೀರ್ಮಾನಿಸುತ್ತಾರೆ.

ದಾವಣಗೆರೆ ಅಣ್ಣ

ಸರಿ, ತಪ್ಪಾಯಿತು. ನನ್ನ ಮಾತು ಬಿಡಿ.

ತೀರ್ಥಹಳ್ಳಿ ಹುಡುಗ

ಚೀಟಿ ನೋಡಿದೆ, ಮೆಟೊಪ್ರೊಲಾಲ್ ಸದ್ಯ ಬರೆದಿಲ್ಲ. ಮುಂದಿನ ಭೇಟಿಯಲ್ಲಿ ನೋಡೋಣ ಎಂದಿದ್ದಾರೆ. ಈಗ ಯಾಕೆ ಅಂತ ಅರ್ಥವಾಯಿತು.

ಇವತ್ತು ಬೆಳಗ್ಗೆ ಅಪ್ಪನ ನಾಡಿ 72. ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಎಲ್ಲಾ ಕೇಳಿ "ಅಂದರೆ ನನ್ನ ವೈರ್ ಸುಟ್ಟಿಲ್ಲ" ಎಂದರು. ಗುರುವಾರ ಮರುಭೇಟಿ. ಮೂರು ಪ್ರಶ್ನೆ ಬರೆದುಕೊಂಡಿದ್ದೇನೆ. ಬಲ ಕೆಳಗಿನ ಕೋಣೆಗೆ ಪೆಟ್ಟಾಗಿತ್ತಾ? ಮೆಟೊಪ್ರೊಲಾಲ್ ಯಾವಾಗ? ತೋಟಕ್ಕೆ ಯಾವಾಗಿನಿಂದ ಹೋಗಬಹುದು?

ಇಸಿಜಿ ಅಕ್ಕ

ನಾಲ್ಕನೆಯದು ಸೇರಿಸಿಕೊಳ್ಳಿ. ಇಸಿಜಿಯಲ್ಲಿ ಪಿಆರ್ ಇಂಟರ್‌ವಲ್ ಈಗ ಎಷ್ಟಿದೆ ಅಂತ ಕೇಳಿ. ಮೇಲಿನ ಕೋಣೆಯಲ್ಲಿ ಶುರುವಾದ ಕರೆಂಟ್ ಕೆಳಗಿನ ಕೋಣೆಗೆ ಮುಟ್ಟುವ ಸಮಯ ಅದು. ಮೇಷ್ಟ್ರು ಹೇಳಿದ ಆ ಬಾಗಿಲ ತಡ ಅದರಲ್ಲೇ ಸೇರಿರುತ್ತದೆ. 0.20 ಸೆಕೆಂಡಿನ ಒಳಗೆ ಬಂದಿದ್ದರೆ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.